ತವರು ಕೊಟ್ಟ ಅಂಕ

ಈ ಸಂಚಿಕೆಗೆ ಯಕ್ಷಗಾನದ ಬಗ್ಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ಹೂಂ ಅಂದಿದ್ದೆ. ಬರೆಯಲು ಕುಳಿತರೆ ಕಿವಿಯಲ್ಲಿ ಮೊಳಗಿದ್ದು ಮಾತ್ರ ಐರಿಷ್ ಮಕ್ಕಳ ಬೂಟಿನ ಸದ್ದು. ಶಿಕಾಗೊದಲ್ಲಿದ್ದು ಐರಿಷರನ್ನು ಮರೆಯುವುದು ಹೇಗೆ? 1962ರಿಂದ ಸೇಂಟ್ ಪ್ಯಾಟ್ರಿಕ್ ಹಬ್ಬಕ್ಕೆ ನದಿಗೇ ಹಸಿರು ಬಣ್ಣ ಕಲಸುವ ಜನ ಅವರು. ಮಗಳ ಗೆಳತಿ ಕರೆದಳೆಂದು ಒಂದು ಭಾನುವಾರ ಅವರ ನೃತ್ಯಸ್ಪರ್ಧೆಗೆ ಹೋಗಿದ್ದೆವು. ಅದನ್ನು ಅವರು ‘ಫೆಶ್’ ಅನ್ನುತ್ತಾರೆ.

ವೇದಿಕೆಯ ಪಕ್ಕ ಒಬ್ಬರು ಅಕಾರ್ಡಿಯನ್ ನುಡಿಸುತ್ತಿದ್ದರು. ಒಂದೇ ಮಟ್ಟಿಗೆ ಇಬ್ಬರು ಮೂವರು ಒಟ್ಟಿಗೆ ಕುಣಿಯುತ್ತಾರೆ, ಆದರೆ ಒಬ್ಬಳ ಹೆಜ್ಜೆ ಇನ್ನೊಬ್ಬಳದಲ್ಲ. ಅವರವರ ಗುರು ಅವರವರಿಗೆ ಕಟ್ಟಿಕೊಟ್ಟದ್ದು. ಪಕ್ಕದವಳಿಗೆ ಡಿಕ್ಕಿ ಹೊಡೆಯದೆ, ಅವಳ ಹೆಜ್ಜೆಗೆ ಜಾರದೆ ತನ್ನದನ್ನು ಮುಗಿಸಬೇಕು. ಬೆನ್ನು ಸೆಟೆದಿದೆ, ತೋಳು ಪಕ್ಕೆಗೆ ಅಂಟಿದೆ. ಭರತನಾಟ್ಯ ನೋಡಿದ ನನ್ನ ಕಣ್ಣಿಗೆ ಮೊದಲು ಇದು ಅರ್ಧ ಕುಣಿತ ಅನ್ನಿಸಿತು. ಹಸ್ತವಿಲ್ಲ, ಅಭಿನಯವಿಲ್ಲ. ಆಮೇಲೆ ಕಾಲಿನತ್ತ ನೋಡಿದೆ. ಇಡೀ ಜತಿ ಅಲ್ಲಿತ್ತು.

ಮೆತ್ತನೆಯ ಚರ್ಮದ ಶೂ ತೊಟ್ಟಾಗ ಸದ್ದಿಲ್ಲದ ನೆಗೆತ. ತುದಿಗೂ ಹಿಮ್ಮಡಿಗೂ ಫೈಬರ್‌ಗ್ಲಾಸ್ ಕೂರಿಸಿದ ಗಟ್ಟಿ ಶೂ ತೊಟ್ಟಾಗ ಕಾಲೇ ಮೃದಂಗ. ಜಿಗ್ ಎಂದರೆ ನಮ್ಮ ತಿಶ್ರದ ನಡೆ. ಸ್ಲಿಪ್ ಜಿಗ್‌ನಲ್ಲಿ ಮೂರು ತಿಶ್ರ ಸೇರಿ ಒಂಬತ್ತು ಎಣಿಕೆ. ರೀಲ್ ಚತುರಶ್ರ. ಬಲಗಾಲಲ್ಲಿ ಮಾಡಿದ ಹೆಜ್ಜೆಯನ್ನು ಎಡಗಾಲಲ್ಲೂ ಅಷ್ಟೇ ಚೊಕ್ಕಟವಾಗಿ ಮಾಡಿ ತೋರಿಸಬೇಕು. ಹುಳುಕು ಹೊರಬೀಳುವುದು ಎಡಗಾಲಲ್ಲೇ.

18ನೇ ಶತಮಾನದ ಐರ್ಲೆಂಡಿನಲ್ಲಿ ಹಳ್ಳಿಹಳ್ಳಿ ಅಲೆಯುತ್ತ, ಯಾರದೋ ಮನೆಯಲ್ಲಿ ಉಂಡು ಪಾಠ ಹೇಳುತ್ತಿದ್ದ ನೃತ್ಯಗುರುಗಳು ಈ ಕುಣಿತಕ್ಕೆ ಶಿಸ್ತು ಕೊಟ್ಟರು. ಮಣ್ಣಿನ ನೆಲದಲ್ಲಿ ಸದ್ದು ಏಳದೆಂದು ಬಾಗಿಲನ್ನೇ ಕಳಚಿ ಹಾಸಿ ಕುಣಿಯುತ್ತಿದ್ದರಂತೆ. 1845ರಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ಶುರುವಾದ ಮಹಾಕ್ಷಾಮ ಸುಮಾರು 10 ಲಕ್ಷ ಜನರನ್ನು ನುಂಗಿತು. ಅಷ್ಟೇ ಜನರನ್ನು, ಇನ್ನೂ ಹೆಚ್ಚೇ ಇರಬೇಕು, ಹಡಗು ಹತ್ತಿಸಿತು. ಅವರ ಸಾಮಾನಿನ ಜೊತೆಗೆ ಮಟ್ಟು, ಹೆಜ್ಜೆಗಳೂ ಸಾಗರ ದಾಟಿದವು.

ಸ್ವಾರಸ್ಯ ಇರುವುದು ಇಲ್ಲಿಂದ ಮುಂದೆ. ಐರಿಷ್ ಭಾಷೆ, ಸಂಸ್ಕೃತಿ ಉಳಿಸಲು ಹೊರಟ ಗೇಲಿಕ್ ಲೀಗ್ ಸಂಘ 1897ರಲ್ಲಿ ಮೊದಲ ‘ಕೇಲಿ’ ಎಂಬ ನೃತ್ಯಕೂಟ ನಡೆಸಿದ್ದು ಡಬ್ಲಿನ್‌ನಲ್ಲಲ್ಲ, ಲಂಡನ್‌ನಲ್ಲಿ. ನಮ್ಮ ಶಿಕಾಗೊದ ಪೊಲೀಸ್ ಮುಖ್ಯಸ್ಥರಾಗಿದ್ದ ಫ್ರಾನ್ಸಿಸ್ ಓನೀಲ್ 1903ರಲ್ಲಿ 1850 ಐರಿಷ್ ಮಟ್ಟುಗಳನ್ನು ಅಚ್ಚು ಹಾಕಿಸಿದರು. ಆ ಪುಸ್ತಕವನ್ನು ಮುಂದಿಟ್ಟುಕೊಂಡು ಐರ್ಲೆಂಡಿನ ವಾದಕರೇ ಕಲಿತರು. ಹೊರಗೆ ಹೋದವರು ತವರಿಗೆ ಕೈಬೀಸಿಕೊಂಡು ಮರಳಲಿಲ್ಲ.

ಕುಣಿತದ ಕಟ್ಟುಪಾಡು ನೋಡಿಕೊಳ್ಳಲು 1930ರ ಸುಮಾರಿಗೆ ಒಂದು ನೃತ್ಯ ಆಯೋಗ ಹುಟ್ಟಿತು. 1970ರಲ್ಲಿ ಅದು ಡಬ್ಲಿನ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್ ಆರಂಭಿಸಿತು. ಬೋಸ್ಟನ್ನಿನ ಮಗುವಾಗಲಿ, ಸಿಡ್ನಿಯ ಮಗುವಾಗಲಿ, ಗಾಲ್ವೆಯ ಮಗುವಾಗಲಿ, ಹತ್ತುವ ಏಣಿ ಒಂದೇ ಬಗೆಯದು: ಊರ ಫೆಶ್‌ನಲ್ಲಿ ಹಂತ ಹಂತವಾಗಿ ಗೆಲ್ಲಬೇಕು, ಪ್ರಾಂತೀಯ ಸ್ಪರ್ಧೆಯಲ್ಲಿ ಅರ್ಹತೆ ಪಡೆಯಬೇಕು, ಆಮೇಲೆ ವಿಶ್ವಸ್ಪರ್ಧೆ. ದೊಡ್ಡ ಸ್ಪರ್ಧೆಗಳಲ್ಲಿ ಒಬ್ಬ ತೀರ್ಪುಗಾರನ ಪಟ್ಟಿಯಲ್ಲಿ ಮೊದಲಿಗರಿಗೆ 100 ಅಂಕ, ಎರಡನೆಯವರಿಗೆ 75, ಮೂರನೆಯವರಿಗೆ 65. ಕೂದಲೆಳೆಯಲ್ಲಿ ಎರಡನೆಯವರಾದರೂ 25 ಅಂಕ ಹೋಯಿತು.

ಈ ಏಣಿ ಹತ್ತಿದ ನಮ್ಮೂರ ಹುಡುಗನೆಂದರೆ ಮೈಕೆಲ್ ಫ್ಲ್ಯಾಟ್ಲಿ. 1958ರಲ್ಲಿ ಶಿಕಾಗೊದಲ್ಲಿ ಹುಟ್ಟಿದವರು. ಐರ್ಲೆಂಡಿನಿಂದ ಬಂದ ತಂದೆ ತಾಯಿ. ತಂದೆಯದು ಕೊಳಾಯಿ ಕಾಂಟ್ರಾಕ್ಟ್. ಉಳಿದವರು ನಾಲ್ಕೈದು ವರ್ಷಕ್ಕೇ ಕಾಲು ಎತ್ತುವಾಗ ಇವರು ತರಗತಿಗೆ ಸೇರಿದ್ದು 11ನೇ ವಯಸ್ಸಿಗೆ, ಡೆನಿಸ್ ಡೆನ್ನೆಹಿ ಎಂಬ ಗುರುಗಳ ಬಳಿ. 1975ರಲ್ಲಿ, 17 ತುಂಬುವ ಹೊತ್ತಿಗೆ, ಐರ್ಲೆಂಡಿಗೆ ಹೋಗಿ ವಿಶ್ವ ಪಟ್ಟ ಗೆದ್ದರು. ಅಮೆರಿಕದವರೊಬ್ಬರು ಅದನ್ನು ಗೆದ್ದದ್ದು ಅದೇ ಮೊದಲು.

ಗೆದ್ದಾಯಿತು, ಮುಂದೇನು? ಈ ಕಲೆಯಲ್ಲಿ ಆಗ ಪಟ್ಟದಾಚೆ ದಾರಿಯೇ ಇರಲಿಲ್ಲ. ಸಿಗುವುದು ಟ್ರೋಫಿ. ಇಪ್ಪತ್ತರ ಆಸುಪಾಸಿಗೆ ಸ್ಪರ್ಧೆ ಮುಗಿಯುತ್ತದೆ. ಆಮೇಲೆ ಆಯೋಗದ ಪರೀಕ್ಷೆ ಬರೆದು ಗುರುವಾಗಬೇಕು, ಇಲ್ಲವೇ ಶೂ ಎತ್ತಿಟ್ಟು ಬೇರೆ ಕೆಲಸ ಹಿಡಿಯಬೇಕು. ವಿಶ್ವ ಚಾಂಪಿಯನ್ ಕೂಡ ತಂದೆಯ ಜೊತೆ ದುಡಿದರು, ‘ಚೀಫ್‌ಟನ್ಸ್’ ವಾದ್ಯವೃಂದದೊಂದಿಗೆ ಊರೂರು ತಿರುಗಿದರು. 1988ರಲ್ಲಿ ಅಮೆರಿಕ ಸರ್ಕಾರದ ಜಾನಪದ ಪರಂಪರೆಯ ಗೌರವ ಬಂತು. 1989ರಲ್ಲಿ ಸೆಕೆಂಡಿಗೆ 28 ತಟ್ಟುಗಳ ಗಿನ್ನೆಸ್ ದಾಖಲೆಯೂ ಆಯಿತು. ಪೂರ್ಣಾವಧಿಯ ರಂಗ ಮಾತ್ರ ಸಿಕ್ಕಿರಲಿಲ್ಲ.

ಅದು ಸಿಕ್ಕಿದ್ದು 1994ರ ಏಪ್ರಿಲ್ 30ರಂದು. ಡಬ್ಲಿನ್‌ನಲ್ಲಿ ಯುರೋವಿಷನ್ ಹಾಡಿನ ಸ್ಪರ್ಧೆ; ಅಂಕ ಎಣಿಸುವ ಬಿಡುವಿನಲ್ಲಿ ಏಳು ನಿಮಿಷದ ‘ರಿವರ್‌ಡ್ಯಾನ್ಸ್’. ಸಂಗೀತ ಬಿಲ್ ವೀಲನ್ ಅವರದು. ನಾಯಕಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನ ಜೀನ್ ಬಟ್ಲರ್, ನಾಯಕ ಫ್ಲ್ಯಾಟ್ಲಿ. ಫ್ಲ್ಯಾಟ್ಲಿ ತೋಳು ಚಾಚಿಯೇ ಕುಣಿದರು. ಸ್ಪರ್ಧೆಯ ಕಟ್ಟಿನೊಳಗೆ ಇದ್ದು ಗೆದ್ದವರಾದ್ದರಿಂದ ಅದನ್ನು ಮುರಿಯುವ ಹಕ್ಕು ಅವರಿಗಿತ್ತು. ಸಾಲಾಗಿ ನಿಂತ ಕಲಾವಿದರ ಕಾಲುಗಳು ಒಂದೇ ಏಟಿಗೆ ಗುಡುಗಿದಾಗ ಸಭಾಂಗಣ ಎದ್ದು ನಿಂತಿತು. ಐರ್ಲೆಂಡಿನ ರಾಜಧಾನಿಯಲ್ಲಿ ಐರ್ಲೆಂಡಿನ ಕುಣಿತ. ಮುಂದೆ ನಿಂತ ಇಬ್ಬರೂ ಹುಟ್ಟಿದ್ದು ಅಮೆರಿಕದಲ್ಲಿ.

ಮರುವರ್ಷ ಅದು ಪೂರ್ಣ ಪ್ರದರ್ಶನವಾಯಿತು. ಫ್ಲ್ಯಾಟ್ಲಿ ಹೊರಬಂದು 1996ರಲ್ಲಿ ‘ಲಾರ್ಡ್ ಆಫ್ ದಿ ಡ್ಯಾನ್ಸ್’ ಕಟ್ಟಿದರು. ಚಾಂಪಿಯನ್ನರಿಗೆ ಮೊದಲ ಬಾರಿಗೆ ಸಂಬಳದ ಕೆಲಸವೆಂಬುದು ಹುಟ್ಟಿತು. ವಿಶ್ವಸ್ಪರ್ಧೆಯೂ 2002ರಲ್ಲಿ ಗ್ಲಾಸ್ಗೊಗೆ, 2009ರಲ್ಲಿ ಫಿಲಡೆಲ್ಫಿಯಾಕ್ಕೆ ಬಂತು.

ಎಲ್ಲ ಚೆಂದ ಎನ್ನಲಾರೆ. ಗುಂಗುರು ವಿಗ್, ಸಾವಿರ ಡಾಲರ್ ದಾಟುವ ಅಂಗಿ, ಕಾಲುಚೀಲ ಜಾರದಿರಲು ಹಚ್ಚುವ ಅಂಟು: ತಾಯಂದಿರ ಮುಖದಲ್ಲಿ ದಣಿವು ಕಾಣುತ್ತಿತ್ತು. 2022ರಲ್ಲಿ ತೀರ್ಪಿನಲ್ಲಿ ಒಳಒಪ್ಪಂದ ನಡೆದಿದೆ ಎಂಬ ಆರೋಪ ಆಯೋಗವನ್ನೇ ಅಲುಗಾಡಿಸಿತು. ಅಂಕಕ್ಕೆ ಬೆಲೆ ಇರುವ ಕಡೆ ಅದನ್ನು ಕದಿಯುವವರೂ ಇರುತ್ತಾರೆ.

ಆದರೂ ಆ ಭಾನುವಾರದ ಒಂದು ನೋಟ ಮನಸ್ಸಿನಿಂದ ಹೋಗಿಲ್ಲ. ಗೋಡೆಗೆ ಫಲಿತಾಂಶ ಅಂಟಿಸಿದ್ದರು. ಮಗಳ ಗೆಳತಿ ಹನ್ನೊಂದನೆಯವಳು. ಅತ್ತಳು, ಮೂಗು ಒರೆಸಿಕೊಂಡಳು, ತೀರ್ಪುಗಾರರು ಬರೆದ ಟಿಪ್ಪಣಿ ಓದಿ ಎಡಪಾದ ಹೊರಕ್ಕೆ ತಿರುಗಿಸಿ ಅಲ್ಲೇ ಮೂಲೆಯಲ್ಲಿ ತಿದ್ದಿಕೊಳ್ಳತೊಡಗಿದಳು. ನಮ್ಮ ಯುಗಾದಿ ಕಾರ್ಯಕ್ರಮ ನೆನಪಾಯಿತು. ಅಲ್ಲಿ ಕುಣಿದ ಪ್ರತಿ ಮಗುವಿಗೂ ಒಂದೇ ಅಳತೆಯ ಟ್ರೋಫಿ, ಊರಿಂದ ಬಂದ ಅತಿಥಿಗಳ ಬಾಯಲ್ಲಿ ಒಂದೇ ಮಾತು: ‘ಅಮೆರಿಕದಲ್ಲಿದ್ದೂ ಎಷ್ಟು ಚೆನ್ನಾಗಿ ಮಾಡ್ತಾರೆ!’ ಆ ‘ಇದ್ದೂ’ ಎಂಬಲ್ಲೇ ನಮ್ಮ ಮಕ್ಕಳನ್ನು ಹೊರಗಿಟ್ಟಾಯಿತು. ಫ್ಲ್ಯಾಟ್ಲಿಗೆ ಐರ್ಲೆಂಡ್ ಆ ರಿಯಾಯಿತಿ ಕೊಡಲಿಲ್ಲ, ತನ್ನ ಮಕ್ಕಳ ಸಾಲಲ್ಲೇ ನಿಲ್ಲಿಸಿ ಅಂಕ ಹಾಕಿತು.

ಯಕ್ಷಗಾನಕ್ಕೆ ಅಂಕಪಟ್ಟಿ ಬೇಕೆಂದು ನಾನು ಹೇಳುತ್ತಿಲ್ಲ. ನಮ್ಮಲ್ಲಿ ಹೆಜ್ಜೆ ಕಲಿತ ಮಗುವೊಂದು ಬೇಸಿಗೆ ರಜೆಯಲ್ಲಿ ಉಡುಪಿಯಲ್ಲೋ ಗುಣವಂತೆಯಲ್ಲೋ ಧೀಂಗಿಣ ಹಾಕಿದಾಗ, ಭಾಗವತರು ಹಾಡು ನಿಲ್ಲಿಸಿ ‘ತಾಳ ತಪ್ಪಿತು ಮಗಾ, ಮತ್ತೊಮ್ಮೆ’ ಎಂದು ಗದರಲಿ. ಅಷ್ಟು ಸಾಕು.