ಒಮ್ಮೆ ಹಿಡಿಯುವ, ಒಮ್ಮೆ ಬಿಡುವ ಬ್ರೇಕು

ಮಕ್ಕಳೇ, ತಾಳವಾಡಿಯ ಹೊಲಗಳಲ್ಲಿ ಬೆಳೆದ ಕೋಸು, ಟೊಮ್ಯಾಟೊ, ಬೀಟ್‌ರೂಟ್‌ಗಳನ್ನು ಪಿಕಪ್ ವಾಹನಗಳಿಗೆ ತುಂಬುವುದನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಈ ತರಕಾರಿ ಸತ್ಯಮಂಗಲದ ಕಡೆಗೆ ಹೋಗಬೇಕಾದರೆ ದಿಂಬಂ ಘಟ್ಟವನ್ನು ಇಳಿಯಬೇಕು. ಆ ದಾರಿಯಲ್ಲಿ 27 ಕಡಿದಾದ ತಿರುವುಗಳಿವೆ. ಪ್ರತಿಯೊಂದು ತಿರುವಿನಲ್ಲಿಯೂ ಚಾಲಕನ ಕಾಲು ಬ್ರೇಕಿನ ಮೇಲಿರುತ್ತದೆ. ವಾಹನದಲ್ಲಿ ಕುಳಿತವರ ಜೀವವೂ ಆ ಬ್ರೇಕನ್ನೇ ನಂಬಿರುತ್ತದೆ.

ಒಂದು ಹಳೆಯ ಡೀಸೆಲ್ ಪಿಕಪ್ ಇದೆ ಎಂದುಕೊಳ್ಳಿ. ಘಟ್ಟದ ಕೆಳಗಿನ ತಿರುವೊಂದರಲ್ಲಿ ಬ್ರೇಕ್ ಪೆಡಲ್ ಸರಕ್ಕನೆ ಕೆಳಗೆ ಹೋಯಿತು. ಚಾಲಕ ಗಾಬರಿಯಿಂದ ಎರಡು ಮೂರು ಸಲ ತುಳಿದ ಮೇಲೆ ಅದು ಹೇಗೋ ಹಿಡಿಯಿತು. ಸ್ವಲ್ಪ ಹೊತ್ತು ಬಿಟ್ಟು ಗ್ಯಾರೇಜಿಗೆ ತಂದಾಗ ಬ್ರೇಕು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು.

“ಅಣ್ಣಾ, ಈಗ ಸರಿಯಾಗೇ ಹಿಡೀತಿದೆ. ಸುಮ್ಮನೆ ದುಡ್ಡು ಯಾಕೆ?” ಎಂದ ಚಾಲಕ.

“ಈಗ ಹಿಡಿಯೋದು ಇರಲಿ ಬಿಡಪ್ಪ. ಯಾವಾಗ ಬಿಟ್ಟಿತು, ಅದನ್ನು ಹೇಳು” ಎಂದರು ಮೆಕ್ಯಾನಿಕ್.

ಅವರು ಹಾಗೇಕೆ ಕೇಳಿದರು? ಅದನ್ನು ತಿಳಿಯಲು ಮೊದಲು ಬ್ರೇಕು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನೋಡೋಣ.

ಚಾಲಕ ಪೆಡಲ್ ತುಳಿದಾಗ ಅದು ಮಾಸ್ಟರ್ ಸಿಲಿಂಡರ್ ಎಂಬ ಕೊಳವೆಯೊಳಗಿನ ಪಿಸ್ಟನ್ನನ್ನು ತಳ್ಳುತ್ತದೆ. ಆ ಸಿಲಿಂಡರಿನಿಂದ ನಾಲ್ಕು ಚಕ್ರಗಳಿಗೂ ಸಣ್ಣ ಪೈಪುಗಳು ಹೋಗಿವೆ. ಪೈಪುಗಳ ತುಂಬ ಬ್ರೇಕ್ ಆಯಿಲ್ ಇರುತ್ತದೆ. ಮುಚ್ಚಿದ ಪಾತ್ರೆಯಲ್ಲಿರುವ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಫ್ರಾನ್ಸ್ ದೇಶದ ವಿಜ್ಞಾನಿ ಬ್ಲೇಸ್ ಪಾಸ್ಕಲ್ (1623-1662) ತಿಳಿಸಿದ ನಿಯಮವಿದು. ಹೀಗೆ ಕಾಲಿನ ಒತ್ತಡ ಚಕ್ರಗಳನ್ನು ಮುಟ್ಟುತ್ತದೆ. ಅಲ್ಲಿ ಲೈನಿಂಗು ಡ್ರಮ್ಮಿಗೆ ಉಜ್ಜಿ ಚಕ್ರವನ್ನು ನಿಲ್ಲಿಸುತ್ತದೆ.

ಇದನ್ನು ನೀವೂ ಮಾಡಿ ನೋಡಬಹುದು. ಸೂಜಿಯಿಲ್ಲದ ಎರಡು ಹೊಸ ಸಿರಿಂಜುಗಳನ್ನು ಸಣ್ಣ ರಬ್ಬರ್ ಕೊಳವೆಯಿಂದ ಜೋಡಿಸಿ, ಒಳಗೆ ಬಣ್ಣದ ನೀರು ತುಂಬಿ. ಒಂದನ್ನು ಒತ್ತಿದ ಕೂಡಲೆ ಇನ್ನೊಂದು ಹೊರಗೆ ಬರುತ್ತದೆ. ಈಗ ಸ್ವಲ್ಪ ನೀರು ತೆಗೆದು ಗಾಳಿ ಸೇರಿಸಿ, ಮತ್ತೆ ಒತ್ತಿ. ಮೊದಲು ಗಾಳಿ ಕುಗ್ಗುತ್ತದೆ. ಆಚೆಯ ಸಿರಿಂಜು ತಡವಾಗಿ, ಅಷ್ಟಿಷ್ಟು ಚಲಿಸುತ್ತದೆ. ದ್ರವ ಸುಲಭವಾಗಿ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಬ್ರೇಕಿನ ಪೈಪಿನಲ್ಲಿ ಗಾಳಿ ಸೇರಿದರೂ ಇದೇ ಆಗುತ್ತದೆ. ಪೆಡಲ್ ಸ್ಪಂಜಿನಂತೆ ಮೆತ್ತಗಾಗುತ್ತದೆ. “ಏರ್ ಹಿಡಿದಿದೆ” ಎಂದು ಮೆಕ್ಯಾನಿಕ್‌ಗಳು ಹೇಳುವುದು ಇದಕ್ಕೇ.

ಈಗ ಮೆಕ್ಯಾನಿಕ್ ಕೇಳಿದ ಪ್ರಶ್ನೆಗೆ ಬರೋಣ. ಬ್ರೇಕು ಯಾವಾಗ ಬಿಡುತ್ತದೆ ಎಂಬುದರಲ್ಲಿಯೇ ಅದರ ಕಾರಣ ಅಡಗಿದೆ.

ಮೊದಲನೆಯದು: ನಿಂತ ವಾಹನದಲ್ಲಿ ಪೆಡಲನ್ನು ಒಂದೇ ಸಮನೆ ಒತ್ತಿ ಹಿಡಿದಾಗ ಅದು ನಿಧಾನವಾಗಿ ಕೆಳಗಿಳಿಯುತ್ತದೆಯೇ? ಎಲ್ಲಿಯಾದರೂ ಆಯಿಲ್ ಸೋರುತ್ತಿದೆಯೇ ಎಂದು ಚಕ್ರ ಮತ್ತು ಪೈಪುಗಳನ್ನು ನೋಡಬೇಕು. ಹೊರಗೆ ಸೋರಿಕೆ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ವಾಷರುಗಳು ಸವೆದಿರಬಹುದು. ಆಗ ಆಯಿಲ್ ಒಳಗಿಂದೊಳಗೇ ಹಿಂದಕ್ಕೆ ಜಾರಿಕೊಳ್ಳುತ್ತದೆ. ಥಟ್ಟನೆ ತುಳಿದರೆ ಬ್ರೇಕು ಹಿಡಿಯುತ್ತದೆ, ಮೆಲ್ಲಗೆ ಒತ್ತಿದರೆ ಬಿಡುತ್ತದೆ. ಆದ್ದರಿಂದ ಈ ದೋಷ ಕೆಲವೊಮ್ಮೆ ಮಾತ್ರ ಕಾಣುತ್ತದೆ.

ಎರಡನೆಯದು: ಪೆಡಲ್ ಕೆಳಗೆ ಹೋಗದೆ ಕಲ್ಲಿನಂತೆ ಗಟ್ಟಿಯಾಗುತ್ತದೆಯೇ? ಆಗ ಬೂಸ್ಟರನ್ನು ಪರೀಕ್ಷಿಸಬೇಕು. ಬೂಸ್ಟರ್ ಎಂದರೆ ಚಾಲಕನ ಕಾಲಿಗೆ ನೆರವು ಕೊಡುವ ದುಂಡನೆಯ ಡಬ್ಬ. ಅದರೊಳಗಿನ ಗಾಳಿಯನ್ನು ಹೀರಿ ತೆಗೆದಿರುತ್ತಾರೆ. ಪೆಡಲ್ ಒತ್ತಿದಾಗ ಹೊರಗಿನ ಗಾಳಿ ಒಂದು ಬದಿಯಿಂದ ನುಗ್ಗಿ ಕಾಲಿನ ಜೊತೆಗೆ ತಾನೂ ತಳ್ಳುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿ ಬರುವ ದಾರಿ ತೆರೆದೇ ಇರುತ್ತದೆ. ಹಾಗಾಗಿ ಬೂಸ್ಟರಿನ ಗಾಳಿಯನ್ನು ಹೀರಲು ಬೇರೆ ವ್ಯಾಕ್ಯೂಮ್ ಪಂಪು ಬೇಕು. ಎಂಜಿನ್ ತಿರುಗಿದರೆ ಮಾತ್ರ ಈ ಪಂಪು ತಿರುಗುತ್ತದೆ. ಪಂಪು ಸವೆದಿದ್ದರೆ ಅಥವಾ ಅದರ ರಬ್ಬರ್ ಪೈಪು ಬಿರುಕು ಬಿಟ್ಟಿದ್ದರೆ ಒಮ್ಮೆ ನೆರವು ಸಿಗುತ್ತದೆ, ಒಮ್ಮೆ ಸಿಗುವುದಿಲ್ಲ.

ಇದನ್ನು ಪರೀಕ್ಷಿಸುವ ವಿಧಾನ ಸುಲಭವಾಗಿದೆ. ಮಟ್ಟಸವಾದ ಜಾಗದಲ್ಲಿ ವಾಹನ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಎಂಜಿನ್ ಆಫ್ ಮಾಡಿ ಪೆಡಲನ್ನು ನಾಲ್ಕೈದು ಸಲ ತುಳಿಯುತ್ತಾರೆ. ಆಮೇಲೆ ಪೆಡಲನ್ನು ಒತ್ತಿಕೊಂಡೇ ಎಂಜಿನ್ ಚಾಲೂ ಮಾಡುತ್ತಾರೆ. ಪೆಡಲ್ ಸ್ವಲ್ಪ ಕೆಳಗಿಳಿದರೆ ಬೂಸ್ಟರಿಗೆ ನೆರವು ಸಿಗುತ್ತಿದೆ ಎಂದರ್ಥ. ಅಲುಗಾಡದಿದ್ದರೆ ಅಲ್ಲಿ ದೋಷವಿದೆ.

ಮೂರನೆಯದು: ಬೆಳಿಗ್ಗೆ ಚೆನ್ನಾಗಿದ್ದು, ಬಹಳ ದೂರ ಇಳಿಜಾರು ಇಳಿದ ಮೇಲೆ ಪೆಡಲ್ ಮೆತ್ತಗಾಗುತ್ತದೆಯೇ? ಹಾಗಾದರೆ ಕಾರಣ ಶಾಖ. ಬ್ರೇಕನ್ನು ಒತ್ತುತ್ತಲೇ ಇಳಿದರೆ ಉಜ್ಜಿ ಉಜ್ಜಿ ಚಕ್ರದ ಡ್ರಮ್ಮುಗಳು ಕಾಯುತ್ತವೆ. ಆ ಬಿಸಿ ಬ್ರೇಕ್ ಆಯಿಲ್‌ಗೂ ತಗಲುತ್ತದೆ. ಬ್ರೇಕ್ ಆಯಿಲ್‌ಗೆ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುವ ಗುಣವಿದೆ. ಡಾಟ್ 3 ಎಂಬ ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದೆ. ನೂರಕ್ಕೆ ನಾಲ್ಕು ಪಾಲಿನಷ್ಟು ನೀರು ಸೇರಿದರೆ ಸಾಕು, ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಹಳೆಯ ಆಯಿಲ್ ಘಟ್ಟದಲ್ಲಿ ಬೇಗ ಕುದಿದು ಆವಿಯ ಗುಳ್ಳೆಗಳಾಗುತ್ತವೆ. ಆವಿಯೂ ಗಾಳಿಯಂತೆಯೇ ಕುಗ್ಗುತ್ತದೆ. ಪೆಡಲ್ ಕೆಳಗೆ ಹೋಗುತ್ತದೆ.

ಆದರೆ ವಾಹನ ತಣ್ಣಗಾದಾಗ ಏನಾಗುತ್ತದೆ? ಆವಿ ಮತ್ತೆ ದ್ರವವಾಗುತ್ತದೆ. ಬ್ರೇಕು ಸರಿಯಾದಂತೆ ಕಾಣುತ್ತದೆ. ನಮ್ಮ ಕಥೆಯ ಪಿಕಪ್‌ನಲ್ಲಿ ಆದದ್ದೂ ಇದೇ. ಮೆಕ್ಯಾನಿಕ್ ಮೊದಲ ಎರಡು ಪರೀಕ್ಷೆಗಳನ್ನು ಮಾಡಿದರು. ಪೆಡಲ್ ಜಾರಲಿಲ್ಲ, ಬೂಸ್ಟರೂ ಸರಿಯಾಗಿತ್ತು. “ಬ್ರೇಕ್ ಆಯಿಲ್ ಬದಲಿಸಿ ಎಷ್ಟು ದಿನವಾಯಿತು?” ಎಂದು ಕೇಳಿದಾಗ ಚಾಲಕನಿಗೆ ನೆನಪೇ ಆಗಲಿಲ್ಲ. ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು. ಹಳೆಯ ಆಯಿಲನ್ನು ಪೂರ್ತಿ ತೆಗೆದು, ಹೊಸದನ್ನು ತುಂಬಿ, ಪೈಪಿನ ಗಾಳಿಯನ್ನು ಹೊರಹಾಕಲಾಯಿತು. ಡ್ರಮ್ಮುಗಳನ್ನು ಬಿಚ್ಚಿ ಲೈನಿಂಗುಗಳನ್ನೂ ನೋಡಲಾಯಿತು.

ಆಮೇಲೆ ಮೆಕ್ಯಾನಿಕ್ ಇನ್ನೊಂದು ಮಾತು ಕೇಳಿದರು: “ಯಾವ ಗೇರಿನಲ್ಲಿ ಇಳಿದೆ?” ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿದೆನೆಂದು ಚಾಲಕ ಒಪ್ಪಿಕೊಂಡ. ಇದು ದೊಡ್ಡ ತಪ್ಪು. ಏರುವ ಗೇರಿನಲ್ಲಿಯೇ ಇಳಿಯಬೇಕು. ಆಗ ಎಂಜಿನ್ನೇ ವಾಹನವನ್ನು ತಡೆದು ಹಿಡಿಯುತ್ತದೆ, ಬ್ರೇಕಿಗೆ ಕೆಲಸ ಕಡಿಮೆಯಾಗುತ್ತದೆ. ಎಂಜಿನ್ ಆಫ್ ಮಾಡಿ ಇಳಿಯುವುದಂತೂ ಇನ್ನೂ ಅಪಾಯ. ವ್ಯಾಕ್ಯೂಮ್ ಪಂಪು ನಿಂತುಹೋಗುತ್ತದೆ. ಎರಡು ಮೂರು ಸಲ ತುಳಿದ ಮೇಲೆ ಬೂಸ್ಟರಿನ ನೆರವೂ ಇರುವುದಿಲ್ಲ.

ಮಕ್ಕಳೇ, ಬ್ರೇಕ್ ರಿಪೇರಿ ಮಾಡುವುದು ನಿಮ್ಮ ಕೆಲಸವಲ್ಲ. ಆದರೆ ನಿಮಗೆ ಕಣ್ಣು, ಮೂಗುಗಳಿವೆ. ಚಕ್ರದ ಒಳಬದಿಯಲ್ಲಿ ಆಯಿಲ್ ಕಲೆ ಕಂಡರೆ, ಇಳಿಜಾರಿನಲ್ಲಿ ಸುಟ್ಟ ವಾಸನೆ ಬಂದರೆ, ಚಾಲಕರು ಪೆಡಲನ್ನು ಮತ್ತೆ ಮತ್ತೆ ತುಳಿಯುತ್ತಿದ್ದರೆ ಹಿರಿಯರಿಗೆ ಹೇಳಿ. “ಮಾವ, ವಾಹನ ನಿಲ್ಲಿಸಿ ಒಮ್ಮೆ ನೋಡಿ” ಎನ್ನಲು ಹೆದರಬೇಡಿ.

ಕೆಟ್ಟದ್ದು ತಾನಾಗಿಯೇ ಸರಿಹೋಯಿತೆಂದು ನಂಬುವುದು ಸುಲಭ. ಆದರೆ ಕಾರಣ ತಿಳಿಯದೆ ಸರಿಹೋದ ಬ್ರೇಕು ಮುಂದಿನ ತಿರುವಿನಲ್ಲಿ ಮತ್ತೆ ಬಿಡಬಹುದು. ಯಾವಾಗ ಆಯಿತು, ಎಲ್ಲಿ ಆಯಿತು, ಆಗ ಏನು ಮಾಡುತ್ತಿದ್ದೆವು ಎಂದು ನೆನಪಿಟ್ಟುಕೊಂಡು ಹೇಳಿದರೆ ಅರ್ಧ ರಿಪೇರಿ ಆದಂತೆಯೇ.