ಕಡಲ ತಡಿಯ ಕಾಲೇಜಿನಲ್ಲಿ ಮೊದಲ ಗೆಳೆಯ

ಪ್ರತಿವರ್ಷ ಮಳೆಗಾಲದ ಆಸುಪಾಸಿನಲ್ಲಿ ಬಯಲುಸೀಮೆಯ ನಮ್ಮ ಮನೆತನಗಳಿಂದ ಅನೇಕ ತರುಣ ತರುಣಿಯರು ಉನ್ನತ ವ್ಯಾಸಂಗಕ್ಕಾಗಿ ಮಂಗಳೂರಿಗೆ ತೆರಳುತ್ತಾರೆ. ಜೆಸುಯಿಟ್ ಪಾದ್ರಿಗಳು 1880ರಲ್ಲಿ ಸ್ಥಾಪಿಸಿದ ಸಂತ ಅಲೋಶಿಯಸ್ ಕಾಲೇಜು, 1960ರಲ್ಲಿ ಸುರತ್ಕಲ್ಲಿನಲ್ಲಿ ಆರಂಭವಾದ ತಾಂತ್ರಿಕ ಕಾಲೇಜು, 1980ರಲ್ಲಿ ಉದಯಿಸಿದ ವಿಶ್ವವಿದ್ಯಾನಿಲಯ ಮೊದಲಾದವುಗಳಿಂದ ಅದು ವಿದ್ಯಾನಗರಿಯೇ ಆಗಿದೆ. ಪಾಲಕರು ಶುಲ್ಕ, ವಸತಿ, ಊಟಗಳ ವಿಚಾರವನ್ನು ಕೂಲಂಕಷವಾಗಿ ಕೇಳುತ್ತಾರೆ. ಮಗನಿಗೆ ಅಲ್ಲಿ ಮನಬಿಚ್ಚಿ ಮಾತನಾಡಲು ಯಾರಿದ್ದಾರೆಂದು ಕೇಳುವವರು ವಿರಳ.

ನಮ್ಮ ಪರಿಚಯದ ವಿಜಯಪುರ ಜಿಲ್ಲೆಯ ತರುಣನೊಬ್ಬ ಕಾಲೇಜು ಸೇರಿದ ಎರಡೇ ತಿಂಗಳಲ್ಲಿ ಊರಿಗೆ ಮರಳುವೆನೆಂದು ಹಟ ಹಿಡಿದನು. ತಂದೆ ಕಂಗಾಲಾಗಿ ನಮ್ಮಲ್ಲಿಗೆ ಬಂದರು. ವಚನೋಪನ್ಯಾಸಕ್ಕೆಂದು ಮಂಗಳೂರಿಗೆ ಹೋದಾಗ ನಾವು ಅವನನ್ನು ಕಂಡೆವು. ಹಿರಿಯ ವಿದ್ಯಾರ್ಥಿಗಳ ರ‍್ಯಾಗಿಂಗ್ ಕಾಟವಿರಬಹುದೆಂಬುದು ನಮ್ಮ ಮೊದಲ ಸಂಶಯ. ಅದರ ವಿರುದ್ಧ 2009ರಿಂದ ವಿಶ್ವವಿದ್ಯಾನಿಲಯ ಅನುದಾನ ಆಯೋಗದ ಕಟ್ಟುನಿಟ್ಟಾದ ನಿಯಮಗಳಿವೆ. ದೂರು ಕೊಡಿಸಲು ಸಿದ್ಧರಾಗಿಯೇ ಹೋಗಿದ್ದೆವು. ಹುಡುಗನು ತಲೆಯಾಡಿಸಿ, "ಯಾರೂ ಕಾಡಿಲ್ರಿ ಅಪ್ಪಾರ, ಯಾರೂ ಕರದೂ ಇಲ್ರಿ" ಎಂದನು.

ಅವನ ಸಂಕಟದ ಮೂಲ ಮಾತಿನಲ್ಲಿತ್ತು. ಸಹಪಾಠಿಗಳು ತಮ್ಮತಮ್ಮಲ್ಲಿ ತುಳು, ಕೊಂಕಣಿ, ಬ್ಯಾರಿ ಭಾಷೆಗಳಲ್ಲಿ ಹರಟುತ್ತಿದ್ದರು. ಇವನು ಬಂದೊಡನೆ ಪಠ್ಯಪುಸ್ತಕದಂತಹ ಕನ್ನಡಕ್ಕೆ ತಿರುಗುತ್ತಿದ್ದರು. ಮೊದಲ ವಾರ ಇವನು ಪಕ್ಕದವನನ್ನು ಪ್ರೀತಿಯಿಂದ "ಏನಲೇ, ಊಟಾತೇನು?" ಎಂದು ವಿಚಾರಿಸಿದನಂತೆ. ಆತನ ಮುಖ ಕಪ್ಪಿಟ್ಟಿತು. ನಮ್ಮ ಕಡೆ ಸಲಿಗೆಯ ಕುರುಹಾದ 'ಲೇ' ಕರಾವಳಿಯವರ ಕಿವಿಗೆ ಬೈಗುಳ. ಅತ್ತ ಅವರು ಅಕ್ಕರೆಯಿಂದ 'ಮಾರಾಯ' ಎಂದರೆ ಇವನಿಗೆ ಅದು ಗೇಲಿಯಂತೆ ಕೇಳುತ್ತಿತ್ತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವು 1843ರಲ್ಲಿ ಹೊರಟ ಊರಿದು. ಕಿಟ್ಟೆಲರ ಮಹಾಕೋಶವು 1894ರಲ್ಲಿ ಅಚ್ಚಾದದ್ದೂ ಇಲ್ಲಿಯೇ. ಆದರೆ 'ಲೇ' ಎಂಬುದರ ಮಾಧುರ್ಯವನ್ನು ಯಾವ ಕೋಶ ತಾನೇ ತಿಳಿಸೀತು!

ಹೀಗಾಗಿ ಅವನು ಸಂಜೆಯಾದೊಡನೆ ತನ್ನ ಸೀಮೆಯ ಐದಾರು ಹುಡುಗರ ಕೋಣೆ ಸೇರಿ, ಜೋಳದ ರೊಟ್ಟಿಯನ್ನು ನೆನೆಯುತ್ತ, ಕುಚ್ಚಲಕ್ಕಿ ಅನ್ನವನ್ನು ಹಳಿಯುತ್ತ ಕಾಲ ಕಳೆಯುತ್ತಿದ್ದನು. ಅದರಿಂದ ಸಮಾಧಾನವೇನೋ ಉಂಟು. ಆದರೆ ಆ ಕೋಣೆಗೆ ಹೊಸ ಗಾಳಿಯೇ ಬಾರದು. ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಬಂದವರೆಲ್ಲರೂ ಕನ್ನಡಿಗರಾಗಿರಲಿಲ್ಲ. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸರಾಗಿದ್ದರೆಂದು ಪರಂಪರೆ ಹೇಳುತ್ತದೆ. ಅವರು ಕಟ್ಟಿಗೆಯ ಹೊರೆ ಹೊತ್ತು ಬೀದಿಯಲ್ಲಿ ನಿಂತಾಗ, ಕೊಳ್ಳುವವರೊಡನೆ ತಪ್ಪುತಪ್ಪಾಗಿಯೇ ಮಾತು ತೊಡಗಿರಬೇಕು! ಮಾದಾರ ಚೆನ್ನಯ್ಯ, ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ ಮೊದಲಾದ ಶರಣರ ಕಾಯಕ ಬೇರೆ, ನುಡಿಯ ಧಾಟಿಯೂ ಬೇರೆ. ಹುಡುಗನಿಗೆ ಇದನ್ನು ಹೇಳಿದೆವು. ಅವನು ವಿನಯದಿಂದ ಕೇಳಿದನಾದರೂ ನಮ್ಮ ಉಪನ್ಯಾಸ ಅವನ ಹೃದಯಕ್ಕೆ ಇಳಿಯಲಿಲ್ಲವೆಂಬುದನ್ನು ಒಪ್ಪಿಕೊಳ್ಳಲೇಬೇಕು.

ಮಾತಿನ ನಡುವೆ ಇನ್ನೊಂದು ಸಂಗತಿ ಹೊರಬಂದಿತು. ಅವನ ಕೋಣೆಯ ಜೊತೆಗಾರನು ಬಂಟ್ವಾಳ ಕಡೆಯ ಕ್ರೈಸ್ತ ಹುಡುಗ. ಆತ ನಗುವನೆಂಬ ಅಳುಕಿನಿಂದ ನಮ್ಮವನು ಬೆಳಗಿನ ಇಷ್ಟಲಿಂಗಪೂಜೆಯನ್ನು ಕಂಬಳಿಯ ಮರೆಯಲ್ಲಿ ಮುಗಿಸುತ್ತಿದ್ದನು. ಆತ ಮೀನು ಉಣ್ಣುವವನೆಂದು ಊಟಕ್ಕೂ ದೂರ ಕೂಡುತ್ತಿದ್ದನು. "ಪೂಜೆಯನ್ನು ಮರೆಮಾಡಬೇಡ, ನಿನ್ನ ತಟ್ಟೆಯಲ್ಲಿ ನಿನ್ನ ಅನ್ನವಿರಲಿ, ಆದರೆ ಎದುರಿಗೆ ಕುಳಿತು ಉಣ್ಣು" ಎಂದಷ್ಟೇ ಹೇಳಿ ನಾವು ಹೊರಟೆವು.

ಮುಂದಿನದನ್ನು ಹುಡುಗನೇ ದೂರವಾಣಿಯಲ್ಲಿ ತಿಳಿಸಿದನು. ಮರುದಿನ ಕಿಟಕಿಯ ಬಳಿ ಆಸನ ಹಾಕಿ ಪೂಜೆಗೆ ಕುಳಿತಾಗ ಜೊತೆಗಾರನು ಸದ್ದಿಲ್ಲದೆ ರೇಡಿಯೋ ನಿಲ್ಲಿಸಿದನಂತೆ. ಪೂಜೆ ಮುಗಿದ ಬಳಿಕ, ಅಂಗೈಯಲ್ಲಿ ಇಟ್ಟುಕೊಂಡದ್ದು ಏನೆಂದು ಕೇಳಿದನಂತೆ. ಕೊನೆಗೆ ತನ್ನ ದಿಂಬಿನ ಕೆಳಗಿಂದ ಜಪಸರವನ್ನು ತೆಗೆದು ತೋರಿಸಿದನು. ಮನೆಯಲ್ಲಿ ಸಂಜೆ ಎಲ್ಲರೂ ಕೂಡಿ ತೇರ್ಸ್ ಹೇಳುವರು, ಇಲ್ಲಿ ನಾಚಿಕೆಯಿಂದ ಹೊದಿಕೆಯೊಳಗೆ ಹೇಳುತ್ತಿದ್ದೇನೆ ಎಂದನಂತೆ!

ಈಗ ನಮ್ಮವನು "ವಣಸ್ ಆಂಡಾ?" ಎಂದು ತುಳುವಿನಲ್ಲಿಯೇ ಊಟದ ವಿಚಾರ ಕೇಳುತ್ತಾನೆ, ಜೊತೆಗಾರನು ಇವನನ್ನು ಧಾರಾಳವಾಗಿ 'ಲೇ' ಎನ್ನುತ್ತಾನೆ. ಬೇಸಿಗೆಯ ರಜೆಗೆ ಇಬ್ಬರೂ ವಿಜಯಪುರಕ್ಕೆ ಬರುವರಂತೆ. ಅಲ್ಲಿನ ಬಿಸಿಲಿಗೆ ಕೊಡೆ ಸಾಕೋ, ಟೋಪಿಯೂ ಬೇಕೋ ಎಂದು ಆ ಹುಡುಗ ನಮ್ಮನ್ನು ವಿಚಾರಿಸಿದ್ದಾನೆ.