ನಿಮಗಿದು ಗೊತ್ತೆ? ಮುಳ್ಳುಹಂದಿ ಮರಿ ಹುಟ್ಟುವಾಗ ಚುಚ್ಚುವುದಿಲ್ಲ!

ಮುಳ್ಳುಹಂದಿಯ ಮರಿ ಮುಳ್ಳು ಹೊತ್ತೇ ಹುಟ್ಟುತ್ತದೆ. ಆದರೂ ತಾಯಿಗೆ ಗಾಯವಾಗುವುದಿಲ್ಲ. ಆಗ ಮುಳ್ಳುಗಳು ಒದ್ದೆ ಕೂದಲಿನಂತೆ ಮೆತ್ತಗಿರುತ್ತವೆ. ಗಾಳಿ ತಾಗಿ ಒಣಗಿದಂತೆ ಕೆಲವೇ ಗಂಟೆಗಳಲ್ಲಿ ಗಡುಸಾಗತೊಡಗುತ್ತವೆ.

ಹುಟ್ಟಿದ ಮರಿಯ ಕಣ್ಣು ತೆರೆದೇ ಇರುತ್ತದೆ. ಬಿಲದಲ್ಲಿ ಅದು ತಂದೆ, ತಾಯಿ ಇಬ್ಬರ ಜೊತೆಗೂ ಬೆಳೆಯುತ್ತದೆ. ಮುಳ್ಳೆಂದರೆ ಗಟ್ಟಿಯಾದ ಕೂದಲೇ. ನಮ್ಮ ಉಗುರಿನಲ್ಲಿರುವ ಕೆರಾಟಿನ್‌ನಿಂದಲೇ ಅದು ಆಗಿದೆ. ಮುಳ್ಳುಹಂದಿ ಮುಳ್ಳನ್ನು ಬಾಣದ ಹಾಗೆ ಎಸೆಯುತ್ತದೆ ಎಂಬುದು ಸುಳ್ಳು. ಬೆದರಿದಾಗ ಮುಳ್ಳು ನಿಮಿರಿಸಿ, ಬಾಲ ಗಲಗಲ ಅಲ್ಲಾಡಿಸಿ, ಹಿಂದಕ್ಕೆ ನುಗ್ಗುತ್ತದೆ.

ವಿದೇಶಗಳಲ್ಲಿ ಮನೆಯಲ್ಲಿ ಸಾಕುವ, ಮುಳ್ಳಿರುವ ಹೆಡ್ಜ್‌ಹಾಗ್ ಬೇರೆಯೇ ಪ್ರಾಣಿ. ಅದರ ಮರಿಗೆ ಹುಟ್ಟುವಾಗ ಕಣ್ಣು ಮುಚ್ಚಿರುತ್ತದೆ. ನೀರು ತುಂಬಿ ಊದಿದ ಚರ್ಮದಡಿ ಅಡಗಿದ ಬಿಳಿ ಮುಳ್ಳುಗಳು ಕೆಲ ಗಂಟೆಗಳಲ್ಲಿ ಹೊರಬರುತ್ತವೆ.

ನಮ್ಮ ಮುಳ್ಳುಹಂದಿ ಸಾಕುಪ್ರಾಣಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅದಕ್ಕಿದೆ. ಹಿಡಿದು ಸಾಕುವುದು ಅಪರಾಧ. ಮುಡಬಿ, ಬಸವಕಲ್ಯಾಣ, ಹುಮನಾಬಾದ್ ಕಡೆಯ ಹೊಲದ ಬದುವಿನಲ್ಲೋ ಕುರುಚಲು ಗುಡ್ಡದಲ್ಲೋ ಮರಿ ಕಂಡರೆ ಮುಟ್ಟಬೇಡಿ. ಗಾಯಗೊಂಡಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.